ಥರ್ಮೋಸ್ಟಾಟ್ ಕಿತ್ತೆಸೆಯುವುದು ರಿಪೇರಿಯಲ್ಲ

ಭಾನುವಾರ ಬೆಳಿಗ್ಗೆ ಮಲೆನಾಡಿನ ಯಾವುದಾದರೂ ಗುಡ್ಡದ ದಾರಿಯಲ್ಲಿ ನಿಂತು ನೋಡಿ. ಒಂದಲ್ಲ ಒಂದು ತಿರುವಿನಲ್ಲಿ ಜೀಪೊಂದು ಬಾನೆಟ್ ಎತ್ತಿಕೊಂಡು ನಿಂತಿರುತ್ತದೆ. ಪ್ರವಾಸಿಗರು ಇಳಿದು ಫೋಟೊ ತೆಗೆಯುತ್ತಿರುತ್ತಾರೆ. ಚಾಲಕ ಕುಡಿಯುವ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಆರಲೆಂದು ಕಾಯುತ್ತಿರುತ್ತಾನೆ. ಕೇಳಿದರೆ ಉತ್ತರ ಒಂದೇ: "ಏನಿಲ್ಲ ಮಾರಾಯ್ರೆ, ಟರ್ಬೊ ಹಾಕಿಸಿದ ಗಾಡಿ. ಸ್ವಲ್ಪ ಹೀಟ್ ಆಗ್ತದೆ."

ಆಗಬಾರದು. ಸರಿಯಾಗಿ ಕೂರಿಸಿದ ಟರ್ಬೊ ಎಂಜಿನ್ ಗುಡ್ಡ ಹತ್ತಿದರೂ ಕುದಿಯುವುದಿಲ್ಲ. ಕುದಿಯುತ್ತಿದೆ ಎಂದರೆ ಯಾರೋ ಲೆಕ್ಕ ತಪ್ಪಿದ್ದಾರೆ. ಆ ತಪ್ಪನ್ನು "ಟರ್ಬೊ ಗುಣ" ಎಂದು ನಮ್ಮ ತಲೆಗೆ ಕಟ್ಟುತ್ತಿದ್ದಾರೆ. ಇದನ್ನು ಒಪ್ಪಬೇಡಿ ಎಂದು ಹೇಳಲಿಕ್ಕೇ ನಾವು ಈ ಲೇಖನ ಬರೆಯುತ್ತಿದ್ದೇವೆ.

ನಮಗೆ ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ನಮ್ಮ ತಂಡದ ಒಬ್ಬರ ಸೋದರಮಾವನ ಬಳಿ ಹಳೆಯ ಮಹೀಂದ್ರ ಜೀಪಿದೆ. ಅದು ಹುಟ್ಟಿದ್ದು 2.1 ಲೀಟರಿನ ಪೆಜೋ ಡೀಸೆಲ್ ಎಂಜಿನ್ ಜೊತೆ. ಟರ್ಬೊ ಇಲ್ಲದ, ಸುಮಾರು 60 ಅಶ್ವಶಕ್ತಿಯ ನಿಧಾನಸ್ಥ ಎಂಜಿನ್. ಹತ್ತಿರದ ಪೇಟೆಯ ಗ್ಯಾರೇಜೊಂದರಲ್ಲಿ ಅದನ್ನು ಇಳಿಸಿ, 100 ಅಶ್ವಶಕ್ತಿ ದಾಟುವ ಟರ್ಬೊ ಎಂಜಿನ್ ಕೂರಿಸಿದರು. ಗಾಡಿ ಹಾರಿತು. ಮೊದಲ ಗುಡ್ಡದಲ್ಲೇ ಕುದಿಯಿತು.

ವಾಪಸ್ ಒಯ್ದಾಗ ಗ್ಯಾರೇಜಿನವರು ಥರ್ಮೋಸ್ಟಾಟ್ ಕಿತ್ತು ಕೈಗೆ ಕೊಟ್ಟರು. "ಇದೇ ನೋಡಿ ತೊಂದರೆ, ಇನ್ನು ಚಿಂತೆ ಇಲ್ಲ." ಮತ್ತೆ ಕುದಿಯಿತು. ಇನ್ನೊಂದು ಫ್ಯಾನ್ ಕಟ್ಟಿದರು. ಮತ್ತೆ ಕುದಿಯಿತು. ಕೂಲಂಟ್ ತೆಗೆದು ಬೋರ್‌ವೆಲ್ ನೀರು ತುಂಬಿದರು. ಒಂದು ದಿನ ಅವಸರಕ್ಕೆ ಮಾವ ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದರು. ಮುಂಗೈ ಮೇಲಿನ ಆ ಸುಟ್ಟ ಕಲೆ ಇವತ್ತಿಗೂ ಇದೆ. ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಯಿತು. ಒಂದು ಸೀಸನ್ನಿನ ಸಂಪಾದನೆಯನ್ನು ಹೆಡ್ ಕೆಲಸವೇ ನುಂಗಿತು. ಗ್ಯಾರೇಜಿನವರ ಕೊನೆಯ ಮಾತು: "ನೀವು ಓಡಿಸಿದ್ದು ಸರಿ ಇಲ್ಲ."

ಈಗ ಲೆಕ್ಕ ನೋಡೋಣ. ಇದು ಎಂಜಿನಿಯರಿಂಗ್ ಕಾಲೇಜಿನ ಲೆಕ್ಕವಲ್ಲ, ಬಚ್ಚಲ ಒಲೆಯ ಲೆಕ್ಕ.

ಎಂಜಿನ್ನಿನಲ್ಲಿ ಉರಿದ ಡೀಸೆಲಿನ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಟರ್ಬೊ ಮಾಡುವುದೇನು? ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಡೀಸೆಲ್ ಉರಿಯುತ್ತದೆ, ಹೆಚ್ಚು ಶಕ್ತಿ ಬರುತ್ತದೆ. ಅದೇ ಅಳತೆಯಲ್ಲಿ ಶಾಖವೂ ಬರುತ್ತದೆ. 60 ಅಶ್ವಶಕ್ತಿಗೆ ಮಾಡಿದ ರೇಡಿಯೇಟರಿಗೆ 100 ಅಶ್ವಶಕ್ತಿಯ ಶಾಖ ಕೊಟ್ಟರೆ ಅದು ಎಲ್ಲಿಗೆ ಹೋಗಬೇಕು? ಒಲೆಗೆ ಎರಡು ಪಟ್ಟು ಸೌದೆ ಇಟ್ಟು ಹಂಡೆ ಯಾಕೆ ಕುದಿಯಿತು ಎಂದು ಕೇಳಿದ ಹಾಗಾಯಿತು.

ಇಂಟರ್‌ಕೂಲರ್ ವಿಷಯವೂ ಇದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು. ಆ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಅದು ಬೇಕೇ ಬೇಕು. ಆದರೆ ಅದನ್ನು ರೇಡಿಯೇಟರಿನ ಎದುರಿಗೇ ಕಟ್ಟಿದರೆ, ರೇಡಿಯೇಟರಿಗೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ಅದರ ಮುಂದೆ ಆರು ದೀಪ, ಒಂದು ವಿಂಚ್, ದಪ್ಪ ಬಂಪರ್, ಸಂಘದ ಹೆಸರಿನ ಬೋರ್ಡು. ಗಾಳಿ ನುಗ್ಗಲಿಕ್ಕೆ ಜಾಗ ಎಲ್ಲಿದೆ? ರೀಲ್ಸ್‌ನಲ್ಲಿ ಆ ದೀಪಗಳು ಚೆಂದ ಕಾಣುತ್ತವೆ. ಗೇಜಿನ ಮುಳ್ಳು ಎಲ್ಲಿದೆ ಎಂದು ಮಾತ್ರ ಯಾವ ರೀಲ್ಸೂ ತೋರಿಸುವುದಿಲ್ಲ.

ಇನ್ನು ಥರ್ಮೋಸ್ಟಾಟಿನ ವಿಷಯ. "ನಮ್ಮಪ್ಪನ ಕಾಲದಿಂದ ತೆಗೀತಾ ಬಂದಿದ್ದೇವೆ, ಏನೂ ಆಗಿಲ್ಲ" ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಡಿಮೆ ಶಕ್ತಿಯ ಹಳೆಯ ಎಂಜಿನ್, ದೊಡ್ಡ ರೇಡಿಯೇಟರ್, ಬಯಲುಸೀಮೆಯ ಸಪಾಟು ರಸ್ತೆ. ಅಲ್ಲಿ ಈ ಉಪಾಯ ದಕ್ಕಿತು. ಜಾಮ್ ಆಗಿ ಮುಚ್ಚಿಕೊಂಡ ಥರ್ಮೋಸ್ಟಾಟ್ ತೆಗೆದಾಗ ಗಾಡಿ ತಣ್ಣಗಾದದ್ದೂ ನಿಜ. ಆದರೆ ಅಲ್ಲಿ ಮಾಡಬೇಕಿದ್ದದ್ದು ಹೊಸದನ್ನು ಹಾಕುವುದು. ಹಲ್ಲು ನೋವೆಂದು ದವಡೆ ಕೀಳುವುದಲ್ಲ.

ಥರ್ಮೋಸ್ಟಾಟ್ ಎಂದರೆ ನೀರಿನ ದಾರಿಯ ಬಾಗಿಲು. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ, ಸುಮಾರು 80 ಡಿಗ್ರಿ ಆದಮೇಲೆ ತೆರೆಯಲು ಶುರುಮಾಡುತ್ತದೆ. ಅನೇಕ ಎಂಜಿನ್‌ಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ: ರೇಡಿಯೇಟರಿನ ದಾರಿ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುವುದು. ಅಂಥ ಎಂಜಿನ್ನಿನಿಂದ ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತು ಹೊಡೆಯುತ್ತದೆ. ಅಂದರೆ ತಣಿಸಲು ಮಾಡಿದ ಕೆಲಸವೇ ಗುಡ್ಡದಲ್ಲಿ ಇನ್ನಷ್ಟು ಬಿಸಿ ಮಾಡುತ್ತದೆ. ಚಳಿಗಾಲದ ಬೆಳಿಗ್ಗೆ ಇಳಿಜಾರಿನಲ್ಲಿ ಇದೇ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಇಳಿಯುತ್ತದೆ, ಲೈನರ್ ಬೇಗ ಸವೆಯುತ್ತದೆ. ಎರಡೂ ಕಡೆ ನಷ್ಟ ನಮಗೇ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ. ಅದು ಬರೀ ಮುಚ್ಚಳವಲ್ಲ, ಕುಕ್ಕರಿನ ವಿಷಲ್ ಇದ್ದ ಹಾಗೆ. ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಿದ್ದರೆ ಒಳಗಿನ ನೀರು 115 ಡಿಗ್ರಿಯಲ್ಲೂ ಕುದಿಯುವುದಿಲ್ಲ. ಅದರ ರಬ್ಬರ್ ಹಳಸಿದ್ದರೆ ಒತ್ತಡ ನಿಲ್ಲದು. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಊರಿನಲ್ಲಿ ಸುಮ್ಮನಿದ್ದ ಗಾಡಿ ಮೇಲೆ ಹೋಗಿ ಉಕ್ಕಲು, ಹಾಳಾದ ಒಂದು ಮುಚ್ಚಳ ಸಾಕು. ಇಡೀ ಗಾಡಿಯಲ್ಲಿ ಬಹಳ ಅಗ್ಗದ ಭಾಗಗಳಲ್ಲಿ ಅದೂ ಒಂದು. ಆದರೂ ಮಾವನ ಜೀಪಿನಲ್ಲಿ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ.

ಬೋರ್‌ವೆಲ್ ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿ. ಅದೇ ಪದರ ಎಂಜಿನ್ ಒಳಗೂ ಕಟ್ಟುತ್ತದೆ, ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ಹಾಗೆಂದು ಬರೀ ಕೂಲಂಟ್ ಸುರಿದರೂ ತಪ್ಪು. ಶಾಖ ಹೊರುವುದರಲ್ಲಿ ನೀರೇ ಮುಂದು. ಕೂಲಂಟ್ ಇರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಡಬ್ಬದ ಮೇಲೆ ಬರೆದ ಪ್ರಮಾಣದಲ್ಲಿ ಡಿಸ್ಟಿಲ್ಡ್ ನೀರು ಬೆರೆಸಬೇಕು, ಅಷ್ಟೆ.

ಸರಿ, ದೋಷ ಹಿಡಿಯುವುದು ಹೇಗೆ? ಒಳ್ಳೆಯ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಎತ್ತುವುದಿಲ್ಲ, ಪ್ರಶ್ನೆ ಕೇಳುತ್ತಾನೆ: "ಯಾವಾಗ ಬಿಸಿ ಆಗ್ತದೆ?"

ನಿಂತಾಗ ಅಥವಾ ಮೊದಲ ಗೇರಿನಲ್ಲಿ ತೆವಳುವಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಫ್ಯಾನಿನ ಸುತ್ತ ಶ್ರೌಡ್, ಅಂದರೆ ಡಬ್ಬಿಯಂಥ ಕವಚ, ಇಲ್ಲದಿದ್ದರೆ ಅದು ರೇಡಿಯೇಟರಿನ ಮೂಲಕ ಗಾಳಿ ಎಳೆಯದೆ ಬದಿಯ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಬಿಸಿಯಾದರೆ ರೇಡಿಯೇಟರ್ ಸಾಲದು, ಕಟ್ಟಿಕೊಂಡಿದೆ, ಅಥವಾ ನೀರು ಸರಿಯಾಗಿ ಹರಿಯುತ್ತಿಲ್ಲ. ಮುಳ್ಳು ಒಮ್ಮೆಲೇ ಏರಿ ಒಮ್ಮೆಲೇ ಇಳಿದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯೇ? ಹೆಡ್ ಗ್ಯಾಸ್ಕೆಟ್ ನೋಡಿಸಿ. ಹತ್ತುವಾಗ ಕಪ್ಪು ಹೊಗೆ ಕಾರುತ್ತಿದೆಯೇ? ಅದು ಗಂಡಸುತನದ ಗುರುತಲ್ಲ. ಗಾಳಿಗಿಂತ ಹೆಚ್ಚು ಡೀಸೆಲ್ ಸುರಿಯುತ್ತಿದೆ, ಶಾಖ ಏರುತ್ತಿದೆ ಎಂದರ್ಥ.

ಮಾವನ ಜೀಪಿನ ನಿಜವಾದ ರೋಗ ಸಿಕ್ಕಿದ್ದು ಇನ್ನೊಬ್ಬ ಮೇಸ್ತ್ರಿಯ ಕೈಯಲ್ಲಿ. ಹೊಸ ಎಂಜಿನ್ನಿನ ತಲೆ ಹಳೆಯ ರೇಡಿಯೇಟರಿಗಿಂತ ಎತ್ತರದಲ್ಲಿತ್ತು. ನೀರು ತುಂಬುವಾಗಲೆಲ್ಲ ಗಾಳಿ ಮೇಲೆ ಹೋಗಿ ಅಲ್ಲೇ ಕೂರುತ್ತಿತ್ತು. ಗಾಳಿ ಹಿಡಿದ ಪಂಪ್‌ಸೆಟ್ ನೀರು ಎತ್ತುವುದಿಲ್ಲ ಎಂದು ತೋಟವಿದ್ದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಜೀಪಿನಲ್ಲೂ ಅದೇ ಆಗುತ್ತಿದೆ ಎಂದು ನಮಗೆ ಹೊಳೆಯಲಿಲ್ಲ. ಆ ಮೇಸ್ತ್ರಿ ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಕೂರಿಸಿದರು. ಎಂಜಿನ್ನಿಗೆ ತಕ್ಕ ರೇಡಿಯೇಟರ್ ಹಾಕಿದರು. ಶ್ರೌಡ್ ಮಾಡಿಸಿದರು, ರೇಡಿಯೇಟರಿನ ಸುತ್ತಲಿನ ಸಂದುಗಳನ್ನು ಮುಚ್ಚಿದರು. ದೀಪಗಳನ್ನು ಮೇಲಕ್ಕೆ ಸರಿಸಿದರು. ಹೊಸ ಮುಚ್ಚಳ, ಹೊಸ ಕೂಲಂಟ್. ಕೊನೆಗೆ ಹೊಸ ಥರ್ಮೋಸ್ಟಾಟ್. ಅದೇ ಗುಡ್ಡ, ಅದೇ ಚಾಲಕ. ಮುಳ್ಳು ನಡುವಿನಲ್ಲಿ ನಿಂತದ್ದು ಮೇಲೆ ಮುಟ್ಟುವವರೆಗೂ ಅಲುಗಲಿಲ್ಲ. ಓಡಿಸಿದ್ದು ಸರಿ ಇಲ್ಲ ಎಂದವರು ಈಗ ಏನು ಹೇಳುತ್ತಾರೆ?

ಏನೂ ಹೇಳುವುದಿಲ್ಲ. ಯಾಕೆಂದರೆ ಅವರನ್ನು ಕೇಳಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಇದು ಈ ದಂಧೆಯ ಬೇರು. ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿದೆ. ಹಾಗಿರುವಾಗ ಆರ್‌ಟಿಒ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸಿದವನು ದೂರು ಕೊಡಲು ಎಲ್ಲಿಗೆ ಹೋಗುತ್ತಾನೆ? ಹೋದರೆ ಮೊದಲು ಸಿಕ್ಕಿಬೀಳುವುದು ಅವನೇ. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಗ್ಯಾರೇಜಿಗೆ ಲಾಭ, ಮಾಲೀಕನಿಗೆ ಭಯ, ಹಿಂದಿನ ಸೀಟಿನಲ್ಲಿ ಕೂತವರಿಗೆ ಅಪಾಯ. ಇದು ನ್ಯಾಯವೇ?

ಎಂಜಿನ್ ಬದಲಿಸಿ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಆಗದು ಎಂದರೆ ಬಿಟ್ಟುಬಿಡಿ. ಕಾನೂನು ಒಪ್ಪುವ ಕೆಲಸವಾದರೆ ಗ್ಯಾರೇಜಿನವರ ಮುಂದೆ ಮೂರು ಷರತ್ತು ಇಡಿ. ರೇಡಿಯೇಟರ್, ಫ್ಯಾನ್, ಶ್ರೌಡ್ ಎಂಜಿನ್ನಿನ ಜೊತೆಗೇ ಬರಬೇಕು, ಆಮೇಲೆ ನೋಡೋಣ ಎನ್ನುವಂತಿಲ್ಲ. ಯಾವ ಭಾಗ ಹಾಕಿದರು, ಯಾವುದನ್ನು ತೆಗೆದರು ಎಂದು ಬಿಲ್ಲಿನಲ್ಲಿ ಬರೆಯಬೇಕು. ಕೊನೆಯ ಕಂತಿನ ಹಣ, ಜನ ತುಂಬಿಸಿ ಗುಡ್ಡ ಹತ್ತಿ ಇಳಿದು ಮುಳ್ಳು ನೋಡಿದ ಮೇಲೆಯೇ. ಎಂಜಿನ್ ಕೂರಿಸಲು ಬರುವವರಿಗೆ ಇದು ಕಷ್ಟದ ಮಾತಲ್ಲ. ಕಷ್ಟ ಎನ್ನುವವರ ಬಳಿ ಹೋಗಬೇಡಿ.

ದಾರಿಯಲ್ಲಿ ಮುಳ್ಳು ಏರಿದರೆ ಹೀಗೆ ಮಾಡಿ: ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಜನರನ್ನು ಇಳಿಸಿ. ನೀರು ಚೆಲ್ಲಿ ಹೋಗಿರದಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಐಡಲ್‌ನಲ್ಲಿ ತಿರುಗಲಿ, ಮುಳ್ಳು ಇಳಿಯಬಹುದು. ನೀರು ಖಾಲಿಯಾಗಿದ್ದರೆ ಕೂಡಲೇ ಆರಿಸಿ. ಅರ್ಧ ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ, ಕೈಯಿಟ್ಟು ನೋಡುವಷ್ಟು ಆರಿದ ಮೇಲೂ ಬಟ್ಟೆ ಹಿಡಿದೇ ತೆರೆಯಿರಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ಆಮೇಲೆ ಗ್ಯಾರೇಜಿಗೆ ಹೋದಾಗ, "ಥರ್ಮೋಸ್ಟಾಟ್ ತೆಗೆದುಬಿಡೋಣ" ಎಂದು ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ತೆಗೆಯೋದು ಇರಲಿ, ಅದು ಹಾಳಾಗಿದೆ ಅಂತ ಹೇಗೆ ಗೊತ್ತಾಯ್ತು?" ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಥರ್ಮೋಸ್ಟಾಟ್ ಮುಳುಗಿಸಿದರೆ ಅದು ತೆರೆಯುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹತ್ತು ನಿಮಿಷದ ಕೆಲಸ. ಅಷ್ಟು ಮಾಡಿ ತೋರಿಸದವರ ಕೈಗೆ ನಿಮ್ಮ ಅನ್ನದ ಗಾಡಿಯನ್ನು ಕೊಡಬೇಡಿ.