ಕೋವಿ ಮಾರಲಾರೆ

‘ಮದ್ರಾಸಿನ ರಾಯಪುರಂನಲ್ಲಿ ಕೂತು ಅಜ್ಜನ ಕೋವಿ ಯಾಕ್ರೀ, ಮಾರಿಬಿಡಿ’ ಅಂತ ಊರಿನವರೇ ಬುದ್ಧಿ ಹೇಳ್ತಾರೆ. ಅದು ವಿಂಚೆಸ್ಟರ್, 1895ರ ಮಾದರಿ, .405 ಬೋರಿನ ಲಿವರ್ ಆಕ್ಷನ್ ರೈಫಲ್. ಹಾರಿಸಿದರೆ ಭುಜಕ್ಕೆ ಕತ್ತೆ ಒದ್ದ ಹಾಗೆ. ಇಲ್ಲಿ ಹಾರಿಸಲು ಜಾಗವಿಲ್ಲ, ನಿಜ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೂ ಮುಗಿಯಿತು, ಒಳ್ಳೆಯದೇ ಆಯಿತು.

ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಬೇಡವೆಂದ 1963ರ ಅಧಿಸೂಚನೆಯೇ, ಕೊಡಗಿನಾಚೆ ಇರುವವನಿಗೂ ಒಂದು ರೈಫಲ್, 100 ಗುಂಡು ಎಂದು ಮಿತಿ ಬರೆದಿತ್ತು. ಅಂದರೆ ಊರು ಬಿಟ್ಟವನೂ ಲೆಕ್ಕದಲ್ಲಿದ್ದ! 2021ರಲ್ಲಿ ಕರ್ನಾಟಕ ಹೈಕೋರ್ಟೂ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕೈಲ್‌ಮುಹೂರ್ತದ ಪೂಜೆಗೆ, ಸಾವಿನ ಮನೆಯ ಎರಡು ಗುಂಡಿಗೆ ಬಾಡಿಗೆ ಕೋವಿ ತರೋಕಾಗುತ್ತಾ? ಮೋಜಿಗೆ ಗುಂಡು ಹಾರಿಸುವವರನ್ನು ಹಿಡಿಯಿರಿ. ಎಣ್ಣೆ ಹಚ್ಚಿ ಬೀಗ ಹಾಕಿಟ್ಟವನ ಗೊಡವೆ ನಿಮಗ್ಯಾಕೆ?