ಊರಿಗೆ ಹೋಗೋದು ಹೇಗೆ ಸ್ವಾಮಿ?

ಎಲೆಕ್ಟ್ರಿಕ್ ಕಾರು ತಗೊಂಡೆ ಅಂದ ತಕ್ಷಣ ಬೆಂಗಳೂರಲ್ಲಿ ಎದುರಾಗುವ ಮೊದಲ ಪ್ರಶ್ನೆ: "ಊರಿಗೆ ಹೋಗೋದು ಹೇಗೆ?" ದಿನಾ ಆಫೀಸಿಗೆ ಹೋಗೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಹೀಗೆ ಕೇಳುವವರು ಊರಿಗೆ ಹೋಗುವುದು ಯುಗಾದಿಗೊಮ್ಮೆ, ಗಣೇಶನ ಹಬ್ಬಕ್ಕೊಮ್ಮೆ, ದೀಪಾವಳಿಗೊಮ್ಮೆ, ನಡುವೆ ಯಾರದೋ ಮದುವೆಗೆ. ಅದರಲ್ಲೂ ಒಂದೆರಡು ಸಲ ರಾತ್ರಿ ಬಸ್ಸಲ್ಲಿ. ಮಿಕ್ಕ ಮುನ್ನೂರೈವತ್ತು ಚಿಲ್ಲರೆ ದಿನ ಅವರ ಕಾರು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪೆಟ್ರೋಲ್ ಸುಡುತ್ತಿರುತ್ತದೆ, ಇಲ್ಲವೇ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದು ನಿಂತಿರುತ್ತದೆ.

ಗೃಹಪ್ರವೇಶಕ್ಕೆ ಇನ್ನೂರು ಜನ ಬರ್ತಾರೆ ಅಂತ ಯಾರೂ ಮನೆಯಲ್ಲಿ ಇನ್ನೂರು ಜನರ ಅಡುಗೆಯ ಕೊಳದಪ್ಪಲೆ ಇಟ್ಟುಕೊಳ್ಳುವುದಿಲ್ಲ. ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತರಿಸುತ್ತೇವೆ, ಮಾರನೇ ದಿನ ವಾಪಸ್ ಕಳಿಸುತ್ತೇವೆ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ!

ಇನ್ನೊಂದು ಜಾತಿಯ ಜಾಣರಿದ್ದಾರೆ. "ಇವಿ ಸಿಟಿಗೆ, ಹಳೇ ಪೆಟ್ರೋಲ್ ಕಾರು ಊರಿಗೆ" ಅಂತ ಎರಡನ್ನೂ ಇಟ್ಟುಕೊಂಡವರು. ನನ್ನ ತಕರಾರು ಹೆಚ್ಚಾಗಿ ಇವರ ಮೇಲೆಯೇ. ವರ್ಷಕ್ಕೆ ನಾಲ್ಕು ಪ್ರಯಾಣಕ್ಕಾಗಿ ಒಂದು ಇನ್ಶೂರೆನ್ಸು, ಒಂದು ಸರ್ವೀಸು, ಒಂದು ಪಾರ್ಕಿಂಗ್ ಜಾಗ. ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಹಬ್ಬದ ಹಿಂದಿನ ದಿನವೇ ಕೈಕೊಡುತ್ತದೆ, ಆಗ ಪಕ್ಕದವರ ಹತ್ತಿರ ಜಂಪರ್ ಕೇಬಲ್ ಕೇಳಬೇಕು. ಆ ನಾಲ್ಕು ಪ್ರಯಾಣಕ್ಕೆ ಡ್ರೈವರ್ ಸಮೇತ ಇನೋವಾ ಬಾಡಿಗೆ ಹಿಡಿಯಬಹುದಲ್ಲ. ರೈಲು, ಸ್ಲೀಪರ್ ಬಸ್ಸಿನ ಮಾತು ಬೇರೆ.

ಹಾಗಂತ ಇವಿಯಲ್ಲಿ ಊರಿಗೆ ಹೋಗೋಕೆ ಆಗಲ್ಲ ಅಂತಲ್ಲ. ಶಿವಮೊಗ್ಗದ ಲೆಕ್ಕ ನೋಡೋಣ. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಕಾರಿನ ಬ್ಯಾಟರಿ 45 ಯೂನಿಟ್‌ನದು ಅಂತಿಟ್ಟುಕೊಳ್ಳಿ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಎಂಬತ್ತು, ತೊಂಬತ್ತರ ವೇಗದಲ್ಲಿ ಯೂನಿಟ್ಟಿಗೆ ಆರೇಳು ಕಿ.ಮೀ. ಸಿಗುತ್ತದೆ. ತಿಪಟೂರು, ಕಡೂರಿನ ನಡುವೆ ಎಲ್ಲಾದರೂ ಒಂದು ಸಲ ಮುಕ್ಕಾಲು ಗಂಟೆ ನಿಂತರೆ ಸಾಕು. ಅಮ್ಮ, ಮಕ್ಕಳು ಇರುವ ಕಾರು ಇಡ್ಲಿ-ವಡೆ, ಬಾತ್‌ರೂಮು, ಮತ್ತೊಂದು ಕಾಫಿ ಅಂತ ಹೇಗೂ ಅಷ್ಟು ಹೊತ್ತು ನಿಲ್ಲುತ್ತದೆ. ಎಂಬತ್ತು ಪರ್ಸೆಂಟ್ ಆದಮೇಲೆ ಚಾರ್ಜಿಂಗ್ ನಿಧಾನ, ಅಲ್ಲಿಗೇ ಪ್ಲಗ್ ಕಿತ್ತು ಹೊರಡಬೇಕು. ನೂರಿಪ್ಪತ್ತರಲ್ಲಿ ಓಡಿಸಿ "ರೇಂಜ್ ಸುಳ್ಳು" ಅಂತ ಬೈಯುವವರಿಗೆ ನನ್ನ ಹತ್ತಿರ ಔಷಧಿ ಇಲ್ಲ. ಗಾಳಿಯ ಎದುರೊತ್ತು ವೇಗದ ವರ್ಗದಂತೆ ಏರುತ್ತದೆ ಅಂತ ಪಿಯುಸಿಯಲ್ಲೇ ಓದಿದ್ದೀವಲ್ಲ.

"ಘಾಟಿ ಹತ್ತುತ್ತಾ?" ಇದಕ್ಕೂ ಪಿಯುಸಿ ಫಿಸಿಕ್ಸೇ ಸಾಕು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಒಂದೂವರೆ ಟನ್ನಿನ ಕಾರನ್ನು ಅಷ್ಟು ಎತ್ತುವುದಕ್ಕೆ ಲೆಕ್ಕದ ಪ್ರಕಾರ ನಾಲ್ಕು ಯೂನಿಟ್ಟೂ ಬೇಡ. ನಷ್ಟ ಸೇರಿಸಿದರೆ ಒಂದಿಷ್ಟು ಹೆಚ್ಚು. ಅಂದರೆ ಮಂಗಳೂರಿನಿಂದ ಬರುವಾಗ ಶಿರಾಡಿ ಹೆಚ್ಚುವರಿಯಾಗಿ ತಿನ್ನುವುದು ಸುಮಾರು ಮೂವತ್ತು ಕಿ.ಮೀ. ರೇಂಜು. ಹೋಗುವಾಗ ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಡೀಸೆಲ್ ಕಾರು ಘಾಟಿ ಇಳಿಯುವಾಗ ಒಂದು ಹನಿಯನ್ನಾದರೂ ಟ್ಯಾಂಕಿಗೆ ತುಂಬಿಸಿದೆಯಾ?

ಇಷ್ಟೆಲ್ಲ ಹೇಳಿದ ಮೇಲೆ ಕೊನೆಯ ಅಸ್ತ್ರ ಬರುತ್ತದೆ: "ಅರ್ಧ ರಾತ್ರಿ ಅಪ್ಪನಿಗೆ ಎದೆನೋವು ಅಂತ ಫೋನ್ ಬಂದರೆ?" ಇದು ನಿಜವಾದ ಭಯ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟುಬಂದ ನಾವೆಲ್ಲ ಈ ಫೋನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುವುದು. ಆದರೆ 300 ಕಿ.ಮೀ. ದೂರದಲ್ಲಿರುವ ನಾವು ಆ ಹೊತ್ತಿಗೆ ಅಪ್ಪನ ಆಂಬುಲೆನ್ಸ್ ಅಲ್ಲ. ಪೆಟ್ರೋಲ್ ಕಾರಲ್ಲಿ ಹೊರಟರೂ ತಲುಪುವುದು ಐದಾರು ಗಂಟೆ ಬಿಟ್ಟು. ಅಪ್ಪನಿಗೆ ಬೇಕಾದ್ದು 108, ಪಕ್ಕದ ಮನೆಯವರು, ಊರಿನ ಒಬ್ಬ ಆಟೋದವನ ನಂಬರು. ಅದನ್ನು ಅಮ್ಮನ ಫೋನಿನಲ್ಲಿ ಸೇವ್ ಮಾಡಿಕೊಡುವ ಕೆಲಸ ಬಾಕಿ ಇಟ್ಟುಕೊಂಡು ಡೀಸೆಲ್ ಎಸ್‌ಯುವಿ ಕೊಂಡರೆ ಏನು ಬಂತು? ಇವಿಯಲ್ಲೇ ಹೊರಡಬೇಕೆಂದರೆ, ದಿನಾ ರಾತ್ರಿ ಅರವತ್ತು ಪರ್ಸೆಂಟಿಗಿಂತ ಕೆಳಗೆ ಬಿಡದಿದ್ದರೆ ಒಂದಷ್ಟು ದೂರದ ತನಕ ಯೋಚನೆಯಿಲ್ಲ. ಮುಂದೆ ಒಂದು ಕಡೆ ನಿಲ್ಲಬೇಕು, ಮುಕ್ಕಾಲು ಗಂಟೆ ಹೋಗುತ್ತದೆ. ಹೌದು, ಹೋಗುತ್ತದೆ. ಕೈ ನಡುಗುತ್ತಿರುವಾಗ ಸ್ಟೀರಿಂಗ್ ಹಿಡಿಯುವುದಕ್ಕಿಂತ ಟ್ಯಾಕ್ಸಿ ಕರೆಸುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ, ಕಾರು ಯಾವುದೇ ಇರಲಿ.

ಊರಿನ ಮನೆಯಲ್ಲಿ ಒಂದು 15 ಆಂಪಿಯರ್ ಸಾಕೆಟ್ ಸಾಕು, ಗಂಟೆಗೆ ಸುಮಾರು ಮೂರು ಯೂನಿಟ್ ತುಂಬುತ್ತದೆ. ಹಳೇ ಮನೆಗಳಲ್ಲಿ ತೊಡಕು ಅರ್ಥಿಂಗಿನದು. ಸರಿಯಾಗಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ಹಾಕಿ ಮುಷ್ಕರ ಹೂಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ ಅರ್ಥಿಂಗ್ ಮಾಡಿಸಿ. ಕಾರಿರಲಿ, ಬಚ್ಚಲಮನೆಯ ಗೀಸರ್ ಮುಟ್ಟುವ ಅಮ್ಮನಿಗಾದರೂ ಅದು ಬೇಕು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಮಲೆನಾಡಿನ ಹಳ್ಳಿಯಾದರೆ ಹತ್ತಿರದ ಪೇಟೆಯಲ್ಲೇ ತುಂಬಿಸಿಕೊಂಡು ಹೋಗಬೇಕು. ವಾರಕ್ಕೆ ಮೂರು ಸಲ ಹುಬ್ಬಳ್ಳಿ, ಕಲಬುರಗಿ ಅಂತ ತಿರುಗುವ ಸೇಲ್ಸ್ ಕೆಲಸದವರು ಇದನ್ನು ಓದಿ ಇವಿ ಕೊಂಡುಕೊಳ್ಳಬೇಡಿ. ಅವರಿಗೆ ಬರೆದದ್ದಲ್ಲ ಇದು.

ಸಿಟ್ಟು ಬರಬೇಕಾದ್ದು ಬೇರೆ ಕಡೆ. ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೆ ಒಂದಾದರೂ ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತು. ಬೋರ್ಡು ಬಂತು, ಯಂತ್ರವೂ ಬಂತು, ನೋಡಿಕೊಳ್ಳುವವರು ಬರಲಿಲ್ಲ. ಆಪ್‌ನಲ್ಲಿ ಹಸಿರು, ಹೋಗಿ ನೋಡಿದರೆ ಸ್ಕ್ರೀನು ಕಪ್ಪು. ಒಂದೊಂದು ಕಂಪನಿಗೆ ಒಂದೊಂದು ಆಪು, ಒಂದೊಂದರಲ್ಲೂ ಮುಂಗಡ ವಾಲೆಟ್ಟು. ಪೆಟ್ರೋಲ್ ಹಾಕಿಸಲು ಬಂಕಿನವರ ಆಪ್ ಇಳಿಸಿಕೊಳ್ಳಿ ಅಂದರೆ ನಾವು ಸುಮ್ಮನಿರುತ್ತಿದ್ದೆವಾ? ಇನ್ನೂ ಒಂದು ತಮಾಷೆ: ಇವಿ ಕೊಳ್ಳುವಾಗ ಜಿಎಸ್‌ಟಿ 5%, ದಾರಿಯಲ್ಲಿ ಅದಕ್ಕೆ ಚಾರ್ಜ್ ಹಾಕಿಸಿದರೆ 18%.

ಇದಕ್ಕಿಂತ ದೊಡ್ಡ ಅಡ್ಡಗಾಲು ನಮ್ಮ ಕಟ್ಟಡದಲ್ಲೇ ಇದೆ. ಸ್ವಂತ ಪಾರ್ಕಿಂಗಿಗೆ ಸ್ವಂತ ಮೀಟರಿನಿಂದ ವೈರ್ ಎಳೆಸಿಕೊಳ್ತೀನಿ ಅಂದರೂ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳು "ಬೆಂಕಿ ಬಿದ್ದರೆ ಯಾರು ಹೊಣೆ" ಅನ್ನುತ್ತವೆ. ಹದಿನೈದು ಆಂಪಿಯರಿನ ಪ್ಲಗ್ಗು ಎಳೆಯುವುದು ಒಂದು ದೊಡ್ಡ ಗೀಸರಿನಷ್ಟು. ಬೆಳಿಗ್ಗೆ ಆರೂವರೆಗೆ ಅರವತ್ತು ಫ್ಲಾಟಿನ ಗೀಸರುಗಳು ಒಟ್ಟಿಗೆ ಉರಿಯುವಾಗ ಬೀಳದ ಬೆಂಕಿ, ರಾತ್ರಿ ಹನ್ನೊಂದಕ್ಕೆ ಸರಿಯಾದ ವೈರು, ಎಂಸಿಬಿ ಇರುವ ಒಂದು ಸಾಕೆಟ್ಟಿನಿಂದ ಹೇಗೆ ಬೀಳುತ್ತದೆ ಅಂತ ಯಾರೂ ಎದ್ದು ಕೇಳುವುದಿಲ್ಲ. ಯಾಕೆಂದರೆ ಭಾನುವಾರದ ಮೀಟಿಂಗಿಗೆ ನಾವು ಹೋಗುವುದೇ ಇಲ್ಲ. ಇರುವ ಸಂಪರ್ಕದಿಂದಲೇ ಮನೆಯಲ್ಲಿ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಅಂತಲೂ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಈ ಸಲ ಹೋಗುವಾಗ ಅದರ ಪ್ರಿಂಟ್ ಔಟ್ ಒಂದು ಜೇಬಿನಲ್ಲಿರಲಿ.