ಎಯ್ಟಿ ಮೈಲ್ ಬೀಚಿನ ಬಿಡಾರ
ದಕ್ಷಿಣ ಆಸ್ಟ್ರೇಲಿಯಾದ ಕಡೆ ಜೂನ್ ಚಳಿ ಹಿಡಿಯುತ್ತಿದ್ದಂತೆ ಎಷ್ಟೋ ನಿವೃತ್ತ ದಂಪತಿಗಳು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಉತ್ತರದ ಬಿಸಿಲಿಗೆ ಹೊರಡುತ್ತಾರೆ. ಜನ ಅವರನ್ನು ‘ಗ್ರೇ ನೋಮ್ಯಾಡ್ಸ್’ ಅನ್ನುತ್ತಾರೆ. ಖಂಡವನ್ನು ಸುತ್ತುವ ಒಂದನೇ ಹೆದ್ದಾರಿ ಸುಮಾರು 14,500 ಕಿ.ಮೀ.; ಅವಸರವಿಲ್ಲದವರಿಗೆ ವರ್ಷವೂ ಸಾಲದು. ಪೋರ್ಟ್ ಹೆಡ್‌ಲ್ಯಾಂಡ್ ಮತ್ತು ಬ್ರೂಮ್ ನಡುವಿನ ಎಯ್ಟಿ ಮೈಲ್ ಬೀಚಿನಲ್ಲಂತೂ ಹಲವರು ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಅಲ್ಲಿ ದಿನಚರಿ ನಡೆಯುವುದು ಉಬ್ಬರವಿಳಿತದ ಲೆಕ್ಕದಲ್ಲಿ. ಇಳಿತಕ್ಕೆ ಕಡಲು ದೂರ ದೂರ ಸರಿದುಬಿಡುತ್ತದೆ. ನೀರು ತಿರುಗಿ ಏರುವ ಹೊತ್ತಿಗೆ ಗಂಡಹೆಂಡಿರು ಮಡಚುವ ಕುರ್ಚಿ ಹಾಕಿಕೊಂಡು, ಗಾಳ ಎಸೆದು ಕೂರುತ್ತಾರೆ. ಕಣ್ಣೆಲ್ಲ ಥ್ರೆಡ್‌ಫಿನ್ ಸಾಲ್ಮನ್ ಮೇಲೆ. ಅದು ನಮ್ಮ ಕರಾವಳಿಯ ರಾವಸ್ ಬಳಗದ ಮೀನೇ. ಎದೆರೆಕ್ಕೆಯ ಕೆಳಗೆ ಇಳಿಬಿದ್ದ ನೂಲಿನಂಥ ಎಳೆಗಳಿಂದ ಕಲಕಿದ ನೀರಿನಲ್ಲೂ ತಳ ತಡವಿ ಸಿಗಡಿ ಹುಡುಕುತ್ತದೆ! ನಿಗದಿತ ಅಳತೆಗಿಂತ ಚಿಕ್ಕದನ್ನು ಮರಳಿ ನೀರಿಗೆ ಬಿಡಬೇಕು, ದಿನಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು. ಆ ಕಟ್ಟುಪಾಡು ನನಗೆ ತುಂಬ ಹಿಡಿಸಿದೆ. ಅದಕ್ಕಿಂತ ಹೆಚ್ಚು ಹಿಡಿಸಿದ್ದು, ದುಡಿಮೆಯ ವರ್ಷಗಳಲ್ಲಿ ಒಟ್ಟಿಗೆ ಕೂರಲು ಪುರಸೊತ್ತು ಸಿಗದ ಜೋಡಿಗಳು ಮೀನು ಕಚ್ಚದ ದಿನವೂ ಬೇಸರವಿಲ್ಲದೆ ಅಕ್ಕಪಕ್ಕ ಕೂರುವುದು.